ನಲವತ್ತು ಕ್ರೆಡಿಟ್ ಆಗೋ ತನಕ ಇರೋದಾ, ಹೊರಡೋದಾ? ಪೌರತ್ವ ಇಲ್ಲದವರಿಗೆ ಅಮೆರಿಕದ ಪಿಂಚಣಿ

ನ್ಯೂಜೆರ್ಸಿಗೆ ಹೋದ ಹೊಸದರಲ್ಲಿ ಮೊದಲ ಪೇಸ್ಲಿಪ್ ಬಂದಾಗ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಸಾಲು ಓದಿದ್ದೆ. ಫೆಡರಲ್ ಟ್ಯಾಕ್ಸ್, ಸ್ಟೇಟ್ ಟ್ಯಾಕ್ಸ್ ಅರ್ಥವಾದವು. ಅದರ ಕೆಳಗೆ ಓಎಎಸ್‌ಡಿಐ ಅಂತ ಇನ್ನೊಂದು ಕಡಿತ, ಸಂಬಳದ 6.2%. ಪಕ್ಕದಲ್ಲೇ ಮೆಡಿಕೇರ್‌ಗೆ 1.45%. ಇದೇನು ಅಂತ ಆಫೀಸಿನಲ್ಲಿದ್ದ ಹಿರಿಯ ಕನ್ನಡಿಗರೊಬ್ಬರನ್ನು ಕೇಳಿದೆ. "ಅದು ಇಲ್ಲಿಯವರ ಪಿಂಚಣಿಗೆ ಕಣ್ರೀ. ನಮಗೆ ಬರಲ್ಲ. ತಿರುಪತಿ ಹುಂಡಿಗೆ ಹಾಕಿದೆ ಅಂದ್ಕೊಳ್ಳಿ" ಅಂದರು.

ಐದಾರು ವರ್ಷ ಆ ಮಾತನ್ನೇ ನಂಬಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಮುಕ್ಕಾಲು ಪಾಲು ತಪ್ಪು. ಆ ದುಡ್ಡು ನಮಗೂ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ಮೈಸೂರಿನಲ್ಲಿ ಜಗಲಿ ಮೇಲೆ ಕೂತಿದ್ದರೂ ಬರುತ್ತದೆ. ಆದರೆ ಒಂದು ಗೆರೆ ದಾಟಿರಬೇಕು. ದಾಟದೆ ಹೊರಟರೆ ಆ ಹಿರಿಯರು ಹೇಳಿದ ಹುಂಡಿಯೇ ಗತಿ.

ಆ ಗೆರೆ ಯಾವುದು, ಅದಕ್ಕಾಗಿ ಕಾಯಬೇಕಾ, ಗ್ರೀನ್ ಕಾರ್ಡ್ ಸಾಕಾ, ಪೌರತ್ವ ತಗೊಂಡರೆ ಲಾಭವಾ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವವರಿಗೂ ಒಂದಿಷ್ಟು ಇದೆ. ಬೇರೆ ವರ್ಷ ಹೇಳದೇ ಇರುವ ಕಡೆ ಡಾಲರ್ ಲೆಕ್ಕವೆಲ್ಲ 2025ರದ್ದು. ಪ್ರತಿ ಜನವರಿಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗುತ್ತೆ.

ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ವಿಷಯ

ಗೊಂದಲ ಶುರುವಾಗೋದೇ ಇಲ್ಲಿಂದ. ಜನ ಎಲ್ಲವನ್ನೂ ಸೇರಿಸಿ "ಸೋಶಿಯಲ್ ಸೆಕ್ಯುರಿಟಿ" ಅಂತಾರೆ. ಒಳಗೆ ನಾಲ್ಕು ಇವೆ, ನಾಲ್ಕರ ನಿಯಮವೂ ಬೇರೆ.

ಮೊದಲನೆಯದು ನಿವೃತ್ತಿ ಪಿಂಚಣಿ. ನೀವು ದುಡಿದು ಕಟ್ಟಿದ್ದಕ್ಕೆ ಬರುವುದು. ಇಲ್ಲಿ ಪೌರತ್ವ ಕೇಳುವುದಿಲ್ಲ. ಅಮೆರಿಕದಲ್ಲೇ ಇದ್ದು ತಗೊಳ್ಳುವುದಾದರೆ ಅಲ್ಲಿ ಕಾನೂನುಬದ್ಧವಾಗಿ ಇರಬೇಕು, ಅಷ್ಟೇ. ಎರಡನೆಯದು ಎಸ್‌ಎಸ್‌ಡಿಐ. ಕೆಲಸ ಮಾಡಲಾಗದಂಥ ಅಂಗವೈಕಲ್ಯ ಅಥವಾ ಕಾಯಿಲೆ ಬಂದರೆ ಸಿಗುವ ಹಣ. ಇದೂ ನೀವು ಕಟ್ಟಿದ ವಿಮೆಯೇ.

ಮೂರನೆಯದು ಎಸ್‌ಎಸ್‌ಐ. ಹೆಸರು ಒಂದೇ ಥರ ಕೇಳಿಸಿದರೂ ಇದು ಬೇರೆ ಜಾತಿ. ಕಟ್ಟಿದ್ದಕ್ಕೆ ಸಿಗುವುದಲ್ಲ, ಏನೂ ಇಲ್ಲದ ವೃದ್ಧರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ನೆರವು. ಪೌರತ್ವದ ಪ್ರಶ್ನೆ ಗಟ್ಟಿಯಾಗಿ ಬರುವುದು ಇಲ್ಲಿ. 1996ರಲ್ಲಿ ಬಂದ ಕಾನೂನು ಪೌರರಲ್ಲದವರಿಗೆ ಈ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು. ನಾಲ್ಕನೆಯದು ಮೆಡಿಕೇರ್, 65 ದಾಟಿದವರ ಆರೋಗ್ಯ ವಿಮೆ.

"ನಮಗೆ ಬರಲ್ಲ" ಅನ್ನುವವರು ಬಹಳ ಸಲ ಎಸ್‌ಎಸ್‌ಐ ವಿಷಯ ಕೇಳಿ ಅದನ್ನೇ ಪಿಂಚಣಿಗೂ ಹಚ್ಚಿಕೊಂಡಿರುತ್ತಾರೆ.

ಗೆರೆ ಅಂದರೆ 40 ಕ್ರೆಡಿಟ್

ನಿವೃತ್ತಿ ಪಿಂಚಣಿಗೆ 40 ಕ್ರೆಡಿಟ್ ಬೇಕು. ಕ್ರೆಡಿಟ್ ಅಂದರೆ ಈ ತೆರಿಗೆ ಕಟ್ಟಿ ದುಡಿದದ್ದಕ್ಕೆ ನಿಮ್ಮ ಲೆಕ್ಕಕ್ಕೆ ಸೇರುವ ಅಂಕ. ವರ್ಷಕ್ಕೆ ಹೆಚ್ಚೆಂದರೆ 4. ಆದ್ದರಿಂದ ಎಲ್ಲರೂ "10 ವರ್ಷ" ಅಂತಾರೆ. 39 ಇದ್ದರೆ ಸೊನ್ನೆ. ಕಟ್ಟಿದ ದುಡ್ಡು ವಾಪಸ್ಸೂ ಇಲ್ಲ. ನಮ್ಮ ಪಿಎಫ್ ಥರ ಫಾರಂ ತುಂಬಿ ಬಿಡಿಸಿಕೊಳ್ಳೋಕೆ ಬರಲ್ಲ.

ಈ 10 ವರ್ಷದ ಒಳಗೆ ಒಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕ್ರೆಡಿಟ್ ಲೆಕ್ಕ ಹಾಕೋದು ನೀವು ಎಷ್ಟು ತಿಂಗಳು ದುಡಿದಿರಿ ಅಂತಲ್ಲ, ಆ ಕ್ಯಾಲೆಂಡರ್ ವರ್ಷದಲ್ಲಿ ಎಷ್ಟು ದುಡಿದಿರಿ ಅಂತ. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್. ನಾಲ್ಕಕ್ಕೆ 7,240. ಸಾಫ್ಟ್‌ವೇರ್ ಸಂಬಳದಲ್ಲಿ ಅದು ಒಂದು ತಿಂಗಳ ದುಡಿಮೆ. ಜನವರಿಯಲ್ಲೇ ಅಷ್ಟು ಬಂದರೂ ಆ ವರ್ಷದ ನಾಲ್ಕೂ ಕ್ರೆಡಿಟ್ ನಿಮ್ಮದೇ.

ಇದನ್ನು ಬಿಡಿಸಿ ನೋಡಿ. 2016ರ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಸೇರಿದವರು 2025ರ ಫೆಬ್ರವರಿ ಕೊನೆಯಲ್ಲಿ ಗಂಟುಮೂಟೆ ಕಟ್ಟಿದರು ಅಂದುಕೊಳ್ಳಿ. ದುಡಿದದ್ದು 8 ವರ್ಷ 5 ತಿಂಗಳು. ಆದರೆ 2016ರಿಂದ 2025ರವರೆಗೆ ಕ್ಯಾಲೆಂಡರ್ ಎಣಿಸಿದರೆ ಹತ್ತು. 40 ಕ್ರೆಡಿಟ್ ಪೂರ್ತಿ. ಅದೇ ಮನುಷ್ಯ 2024ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ ಟಿಕೆಟ್ ಸಿಕ್ಕಿತು ಅಂತ ಹೊರಟಿದ್ದರೆ 36. ಎರಡು ತಿಂಗಳ ಅವಸರಕ್ಕೆ ಜೀವನಪೂರ್ತಿಯ ಪಿಂಚಣಿ ಹೋಯಿತು. ಕೆಲಸಕ್ಕೆ ಹೋಗುವವರ ಎಚ್‌-1ಬಿ ವೀಸಾ ಸಾಮಾನ್ಯವಾಗಿ ಶುರುವಾಗೋದೇ ಅಕ್ಟೋಬರ್ 1ಕ್ಕೆ. ಹಾಗಾಗಿ ನಮ್ಮವರಲ್ಲಿ ಬಹಳ ಜನಕ್ಕೆ ಮೊದಲ ವರ್ಷ ಮೂರೇ ತಿಂಗಳಲ್ಲಿ ನಾಲ್ಕು ಕ್ರೆಡಿಟ್ ಸಿಕ್ಕಿರುತ್ತೆ. ಅವರಿಗೇ ಅದು ಗೊತ್ತಿರಲ್ಲ.

ಎಂಎಸ್ ಮಾಡಲು ಹೋದವರಿಗೆ ಇನ್ನೊಂದು ಮಾತು. ಎಫ್‌-1 ವೀಸಾದಲ್ಲಿ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಸೋಶಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟುವಂತಿಲ್ಲ. ಓದಿನ ಮೇಲೆ ಸಿಗುವ ಕೆಲಸದ ಅನುಮತಿ, ಅಂದರೆ ಓಪಿಟಿಯಲ್ಲಿ ಕೆಲಸ ಮಾಡಿದರೂ ಅಷ್ಟೇ. ಆಗ ಕೈಗೆ ಸ್ವಲ್ಪ ಜಾಸ್ತಿ ಸಂಬಳ ಬರುತ್ತೆ, ಖುಷಿ. ಆದರೆ ಕ್ರೆಡಿಟ್ ಕೂಡೋದಿಲ್ಲ. "ನಾನು ಬಂದು 10 ವರ್ಷ ಆಯ್ತಲ್ಲ" ಅಂತ ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ.

ಈಗಲೇ ಹೊರಡೋದಾ, 40 ಮುಗಿಸೋದಾ, ಇನ್ನೂ ಇರೋದಾ

ಎಚ್‌-1ಬಿ ಮಿತಿ 6 ವರ್ಷ. ಕಂಪನಿಯೇ ವರ್ಗ ಮಾಡಿ ಕಳಿಸುವ ಎಲ್‌-1ಬಿ ಆದರೆ 5, ಎಲ್‌-1ಎ ಆದರೆ 7. ಬರೀ ಆ ಅವಧಿ ಮುಗಿಸಿ ಬಂದವರಿಗೆ 40 ಆಗುವುದಿಲ್ಲ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಕಂಪನಿ ಹಾಕುವ ಐ-140 ಅರ್ಜಿ ಪಾಸಾಗಿ ಎಚ್‌-1ಬಿ ಮುಂದುವರಿಸಿಕೊಂಡು ಇರುವವರಿಗೆ ಮಾತ್ರ ಆಗುತ್ತೆ. ವಿಚಿತ್ರ ಅಂದರೆ, ಆ ಕ್ಯೂ ನಮಗೆ ಎಷ್ಟು ಉದ್ದ ಇದೆ ಅಂದರೆ ಗ್ರೀನ್ ಕಾರ್ಡ್ ಬರೋ ಮೊದಲೇ 40 ಕ್ರೆಡಿಟ್ ಆಗಿರುತ್ತೆ. 2025ರಲ್ಲೂ ಇಬಿ-2 ಅನ್ನೋ ಉದ್ಯೋಗ ವರ್ಗದಲ್ಲಿ ಭಾರತೀಯರ ಸರದಿ 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರ ಹತ್ತಿರವೇ ತೆವಳುತ್ತಿತ್ತು. ಕ್ಯೂನಲ್ಲಿ ನಿಂತು ಬೈದುಕೊಂಡವರಿಗೆಲ್ಲ ಗೊತ್ತಿಲ್ಲದೆ ಪಿಂಚಣಿ ಹುಟ್ಟಿದೆ.

ದುಡ್ಡಿನ ಲೆಕ್ಕ ನೋಡೋಣ. ಪಿಂಚಣಿ ಕಟ್ಟುವಾಗ ಅವರು ನಿಮ್ಮ ಅತಿ ಹೆಚ್ಚು ದುಡಿದ 35 ವರ್ಷ ತಗೊಳ್ಳುತ್ತಾರೆ. 10 ವರ್ಷವೇ ದುಡಿದಿದ್ದರೆ ಉಳಿದ 25ಕ್ಕೆ ಸೊನ್ನೆ ಬರೆಯುತ್ತಾರೆ. ಸರಾಸರಿ ಬಿದ್ದುಹೋಗುತ್ತೆ ಅಂತ ಹೆದರಬೇಡಿ. ಸೂತ್ರವೇ ಕಡಿಮೆ ಸರಾಸರಿಯವರ ಪರವಾಗಿದೆ. ತಿಂಗಳ ಸರಾಸರಿಯ ಮೊದಲ 1,226 ಡಾಲರ್‌ಗೆ 90% ಕೊಡುತ್ತಾರೆ. ಅದರ ಮೇಲೆ 7,391ರವರೆಗೆ 32%. ಅದಕ್ಕೂ ಮೇಲೆ 15%.

ವರ್ಷಕ್ಕೆ 1 ಲಕ್ಷ ಡಾಲರ್ ಸಂಬಳ, 10 ವರ್ಷ ಅಂತ ಇಟ್ಟುಕೊಳ್ಳಿ. 35 ವರ್ಷದ 420 ತಿಂಗಳಿಗೆ ಹಂಚಿದರೆ ಸರಾಸರಿ ಸುಮಾರು 2,380. ಸೂತ್ರ ಹಾಕಿದರೆ 67ನೇ ವಯಸ್ಸಿಗೆ ತಿಂಗಳಿಗೆ ಸುಮಾರು 1,470 ಡಾಲರ್. ಅದೇ ಸಂಬಳದಲ್ಲಿ 20 ವರ್ಷ ದುಡಿದರೆ? ಎರಡರಷ್ಟು ಆಗಲ್ಲ. ಸುಮಾರು 2,230. 30 ವರ್ಷಕ್ಕೆ ಸುಮಾರು 3,000. ಅಂದರೆ ಮೊದಲ ಹತ್ತು ವರ್ಷಕ್ಕೆ 1,470 ಬಂದರೆ, ಆಮೇಲಿನ ಒಂದೊಂದು ಹತ್ತಕ್ಕೂ ಅದರ ಅರ್ಧ. ನಿಮ್ಮ ಜೇಬಿನಿಂದ ಮೊದಲ ಹತ್ತು ವರ್ಷದಲ್ಲಿ ಹೋಗಿದ್ದು 62,000 ಡಾಲರ್. ಕಂಪನಿಯವರೂ ಅಷ್ಟೇ ಕಟ್ಟಿರುತ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಇದು. 32 ಕ್ರೆಡಿಟ್ ದಾಟಿದ್ದರೆ, ಊರಲ್ಲಿ ತೀರಾ ಅನಿವಾರ್ಯ ಇಲ್ಲದಿದ್ದರೆ, 40 ಮುಗಿಸಿ ಹೊರಡಿ. 40 ಆದ ಮೇಲೆ ಬರೀ ಪಿಂಚಣಿ ಹೆಚ್ಚಾಗಲಿ ಅಂತ ಇರೋದರಲ್ಲಿ ಹುರುಳಿಲ್ಲ. ಇರೋಕೆ ಬೇರೆ ಕಾರಣ ಇದ್ದರೆ ಇರಿ. ಇನ್ನು 16, 20 ಕ್ರೆಡಿಟ್‌ನಲ್ಲಿ ಇರುವವರು ಇದಕ್ಕೋಸ್ಕರ ಬದುಕು ಎಳೆದಾಡಬೇಡಿ. ಮಗಳ ಶಾಲೆ, ಅಮ್ಮನ ಮೊಣಕಾಲು ನೋವು, ಇವುಗಳ ಮುಂದೆ ಈ ಲೆಕ್ಕ ಚಿಕ್ಕದು. ಮತ್ತೆ, ಆ 20 ಕ್ರೆಡಿಟ್ ಸತ್ತುಹೋಗಲ್ಲ. ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೆಳಗೆ ಹಾಗೇ ಕೂತಿರುತ್ತೆ. ಮುಂದೆ ಯಾವಾಗಲಾದರೂ ಅಲ್ಲಿ ಮತ್ತೆ ಐದು ವರ್ಷ ದುಡಿದರೆ ಅದಕ್ಕೇ ಸೇರುತ್ತೆ.

ಊರಿಂದ ದುಡ್ಡು ಕಟ್ಟಿ 40 ತುಂಬಿಸೋಕೆ ಆಗುತ್ತಾ ಅಂತ ಕೇಳುವವರಿದ್ದಾರೆ. ಆಗಲ್ಲ. ಬ್ರಿಟನ್ನಿನಲ್ಲಿ ಕೆಲವು ಷರತ್ತಿನ ಮೇಲೆ ಹಾಗೆ ಕಟ್ಟಬಹುದು, ಅಮೆರಿಕದಲ್ಲಿ ಆ ಪದ್ಧತಿ ಇಲ್ಲ.

62ಕ್ಕೇ ತಗೊಂಡರೆ 30% ಕಡಿಮೆ. 1,470ರ ಬದಲು 1,030. 70ರವರೆಗೆ ಕಾದರೆ 24% ಜಾಸ್ತಿ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ವಯಸ್ಸು 67.

"ಅಷ್ಟೊತ್ತಿಗೆ ಆ ಫಂಡೇ ಖಾಲಿ ಆಗಿರುತ್ತೆ" ಅನ್ನೋ ಮಾತೂ ಕೇಳಿರ್ತೀರಿ. ಆ ಫಂಡಿನ ಟ್ರಸ್ಟಿಗಳ 2025ರ ವರದಿ ಪ್ರಕಾರ ನಿವೃತ್ತಿ ನಿಧಿಯ ಮೀಸಲು 2033ಕ್ಕೆ ಬರಿದಾಗುತ್ತೆ. ಆಮೇಲೆ ಬರುವ ತೆರಿಗೆಯಲ್ಲಿ 77% ಕೊಡಬಹುದು. ಸಂಸತ್ತು ಏನೂ ಮಾಡದೇ ಕೂತರೆ ಅಷ್ಟು. ಅಳೆಯುವಾಗ ಅದನ್ನೂ ಮನಸ್ಸಲ್ಲಿಟ್ಟುಕೊಳ್ಳಿ, ಆದರೆ 77% ಅಂದರೆ ಸೊನ್ನೆ ಅಲ್ವಲ್ಲ.

ಇನ್ನೊಂದು ಒಳ್ಳೆ ಸುದ್ದಿ. ಮೊದಲು ಬೇರೆ ಕಡೆಯ, ಅಂದರೆ ವಿದೇಶದ, ಪಿಂಚಣಿ ಬರುತ್ತಿದ್ದವರ ಅಮೆರಿಕನ್ ಪಿಂಚಣಿಗೆ ಕತ್ತರಿ ಹಾಕುತ್ತಿದ್ದ ನಿಯಮ ಇತ್ತು. ಊರಲ್ಲಿ ಬ್ಯಾಂಕು, ಕಾಲೇಜು ಅಂತ ಕೆಲಸ ಮಾಡಿ ಪಿಂಚಣಿ ಇರುವವರಿಗೆ ಹೊಡೆತ ಬೀಳುತ್ತಿತ್ತು. 2025ರ ಜನವರಿ 5ರಂದು ಸಹಿಯಾದ ಕಾನೂನು ಅದನ್ನು ತೆಗೆದುಹಾಕಿದೆ.

ವಾಪಸ್ ಬಂದ ಮೇಲೆ: ಭಾರತದ ಪಾಸ್‌ಪೋರ್ಟಾ, ಅಮೆರಿಕದ್ದಾ

ಪೌರರಲ್ಲದವರು ಆರು ತಿಂಗಳಿಗಿಂತ ಹೆಚ್ಚು ಅಮೆರಿಕದ ಹೊರಗಿದ್ದರೆ ಹಣ ನಿಲ್ಲಿಸುವುದು ಅಲ್ಲಿನ ನಿಯಮ. ಆದರೆ ದೇಶ ನೋಡಿ ವಿನಾಯಿತಿಗಳಿವೆ. ಭಾರತದ ಪೌರರಿಗೆ ಇರುವ ವಿನಾಯಿತಿ: ಕಟ್ಟಿದವರಿಗೆ 40 ಕ್ರೆಡಿಟ್ ಇರಬೇಕು ಅಥವಾ ಅವರು ಒಟ್ಟು 10 ವರ್ಷ ಅಮೆರಿಕದಲ್ಲಿ ವಾಸ ಮಾಡಿರಬೇಕು. ನಿವೃತ್ತಿ ಪಿಂಚಣಿಗೆ ಹೇಗೂ 40 ಬೇಕೇ ಬೇಕಲ್ಲ, ಆದ್ದರಿಂದ ಅದು ಸಿಕ್ಕವರಿಗೆ ಊರಲ್ಲೂ ಸಿಗುತ್ತೆ. ಗ್ರೀನ್ ಕಾರ್ಡ್ ಇದೆಯಾ, ವಾಪಸ್ ಕೊಟ್ಟಿರಾ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ತೆರಿಗೆಯಲ್ಲಿ. ಭಾರತದ ಪೌರರಾಗಿ ಊರಲ್ಲಿ ಕೂತು ತಗೊಂಡರೆ, ಪಿಂಚಣಿಯ 85% ಮೇಲೆ 30% ಅಂತ ಮೂಲದಲ್ಲೇ ಹಿಡಿಯುತ್ತಾರೆ. ಒಟ್ಟಿನ ಮೇಲೆ 25.5%. ನಮ್ಮ 1,470ರಲ್ಲಿ 375 ಅಲ್ಲೇ ಹೋಯಿತು. ಕೈಗೆ ಸುಮಾರು 1,095. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಈ ಹಣಕ್ಕೆ ತೆರಿಗೆ ಹಾಕೋದು ಅಮೆರಿಕ ಮಾತ್ರ. ಇಲ್ಲಿ ಮತ್ತೆ ಕಟ್ಟಬೇಕಿಲ್ಲ. ಅಮೆರಿಕದ ಪೌರರಾಗಿ ಬಂದು ಕೂತರೆ ಆ 25.5% ಇಲ್ಲ. ಸಾಮಾನ್ಯ ಸ್ಲ್ಯಾಬ್ ಪ್ರಕಾರ ತೆರಿಗೆ. ಬೇರೆ ಆದಾಯ ಕಡಿಮೆ ಇದ್ದರೆ ಬಹಳ ಸಲ ಏನೂ ಇರಲ್ಲ.

ಅಯ್ಯೋ ಹಾಗಾದ್ರೆ ಪೌರತ್ವವೇ ವಾಸಿ ಅಂತ ಹೊರಡಬೇಡಿ, ತಡೀರಿ. ಅಮೆರಿಕದ ಪೌರರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಅಲ್ಲಿಗೆ ವರ್ಷವರ್ಷ ರಿಟರ್ನ್ ಹಾಕಬೇಕು. ನಿಮ್ಮ ಎಫ್‌ಡಿ ಬಡ್ಡಿ, ಮನೆ ಬಾಡಿಗೆ, ಮ್ಯೂಚುವಲ್ ಫಂಡ್, ಎಲ್ಲ ಅದರೊಳಗೆ. ಅದಕ್ಕೆ ಆಡಿಟರ್‌ಗೆ ಕೊಡೋ ದುಡ್ಡು ಸಣ್ಣದಲ್ಲ. ಭಾರತದಲ್ಲಿ ಎರಡು ಪೌರತ್ವ ಇಲ್ಲ, ಹಾಗಾಗಿ ಕೈಗೆ ಬರೋದು ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್. ಅದರಲ್ಲಿ ವೋಟಿಲ್ಲ. ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಅಪ್ಪನ ತೋಟ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು. ಆದರೆ ನಿವೃತ್ತಿ ಆದ ಮೇಲೆ ಸಕಲೇಶಪುರದ ಕಡೆ ಎರಡೆಕರೆ ಕಾಫಿ ತಗೊಂಡು ಇದ್ದುಬಿಡ್ತೀನಿ ಅನ್ನೋ ಕನಸು ಇದ್ದರೆ, ತಿಂಗಳ 375 ಡಾಲರ್ ಉಳಿಸೋಕೆ ಅದನ್ನು ಬಿಟ್ಟುಕೊಡಬೇಕಾ ಅಂತ ಒಂದ್ಸಲ ಕೂತು ಯೋಚಿಸಿ.

ಗ್ರೀನ್ ಕಾರ್ಡ್‌ನಲ್ಲೇ ಇದ್ದು ಆಮೇಲೆ ವಾಪಸ್ ಕೊಡುವವರಿಗೂ ಒಂದು ಮುಳ್ಳಿದೆ. ಕೊನೆಯ 15 ವರ್ಷದಲ್ಲಿ 8 ವರ್ಷ ಗ್ರೀನ್ ಕಾರ್ಡ್ ಇದ್ದವರು ಅದನ್ನು ಬಿಟ್ಟರೆ ಪೌರತ್ವ ಬಿಟ್ಟ ಹಾಗೇ ಲೆಕ್ಕ. ಒಟ್ಟು ಆಸ್ತಿ 20 ಲಕ್ಷ ಡಾಲರ್ ಮುಟ್ಟಿದರೆ ನಿರ್ಗಮನ ತೆರಿಗೆಯ, ಅಂದರೆ ಬಿಟ್ಟುಹೋಗುವವರ ಆಸ್ತಿಯ ಏರಿದ ಬೆಲೆ ಮೇಲೆ ಹಾಕುವ ತೆರಿಗೆಯ, ಬಲೆ. ಅಷ್ಟೆಲ್ಲಿದೆ ನಮ್ಮ ಹತ್ತಿರ ಅನ್ನಬೇಡಿ. 401ಕೆ ಅನ್ನೋ ನಿವೃತ್ತಿ ಉಳಿತಾಯದ ಖಾತೆ, ಅಲ್ಲಿನ ಮನೆ, ಜಯನಗರದಲ್ಲಿ ಅಪ್ಪ ಬಿಟ್ಟುಹೋದ 60x40 ಸೈಟು, ಎಲ್ಲ ಕೂಡಿಸಿ ನೋಡಿ. ಹೊರಡೋ ಯೋಚನೆ ಇದ್ದರೆ ಎಂಟನೇ ವರ್ಷಕ್ಕೆ ಮೊದಲೇ ತೀರ್ಮಾನ ಮಾಡೋದು ಒಳ್ಳೇದು. ಆ ಎಣಿಕೆಯಲ್ಲೂ ಕ್ಯಾಲೆಂಡರ್ ವರ್ಷವೇ, ವರ್ಷದಲ್ಲಿ ಒಂದು ದಿನ ಕಾರ್ಡ್ ಇದ್ದರೂ ಒಂದು ವರ್ಷ.

ನನ್ನನ್ನು ಕೇಳಿದರೆ, ಬರೀ ಪಿಂಚಣಿಗೋಸ್ಕರ ಪೌರತ್ವ ಬದಲಿಸೋದು ಬೇಡ. ಮಕ್ಕಳು ಅಲ್ಲೇ ಇದ್ದು, ನಾಳೆ ಹೋಗಿ ಬಂದು ಮಾಡಬೇಕು ಅನ್ನೋರಿಗೆ ಪೌರತ್ವ ಬೇರೆ ಕಾರಣಕ್ಕೆ ಚೆನ್ನ. ಆಗ ಈ ತೆರಿಗೆ ಉಳಿತಾಯ ಮೇಲೊಗರದ ತುಪ್ಪ.

ಹೆಂಡತಿ ಅಥವಾ ಗಂಡನ ಪಾಲು

ಇದನ್ನು ಎಲ್ಲರೂ ಮರೆಯುತ್ತಾರೆ. ಸಂಗಾತಿ ಒಂದು ದಿನ ದುಡಿಯದಿದ್ದರೂ ನಿಮ್ಮ ದಾಖಲೆ ಮೇಲೆ ಅರ್ಧದವರೆಗೆ ಪಿಂಚಣಿ ಸಿಗಬಹುದು. ನೀವು ತೀರಿಕೊಂಡರೆ ಪೂರ್ತಿಯವರೆಗೆ. ಎಚ್‌-1ಬಿಯವರ ಸಂಗಾತಿಗೆ ಸಿಗುವ ಎಚ್‌-4 ವೀಸಾದಲ್ಲಿ ಕೆಲಸದ ಅನುಮತಿ ಇಲ್ಲದೆ ಮನೆಯಲ್ಲೇ ವರ್ಷಗಟ್ಟಲೆ ಕೂತ ನಮ್ಮ ಹೆಣ್ಣುಮಕ್ಕಳಿಗೆ ಇದು ನ್ಯಾಯವಾಗಿ ಬರಬೇಕಾದ ದುಡ್ಡು.

ಆದರೆ ಅವರು ಭಾರತದ ಪೌರರಾಗಿ ಊರಲ್ಲಿ ಕೂತು ತಗೊಳ್ಳಬೇಕಾದರೆ, ನಿಮ್ಮ ಸಂಗಾತಿಯಾಗಿ ಅಮೆರಿಕದಲ್ಲಿ ಒಟ್ಟು 5 ವರ್ಷ ವಾಸ ಮಾಡಿರಬೇಕು. ಮದುವೆಗೆ ಮೊದಲಿನ ವಾಸ ಇದಕ್ಕೆ ಲೆಕ್ಕವಿಲ್ಲ. ಗಂಡ ಅಲ್ಲಿ, ಹೆಂಡತಿ ಮಕ್ಕಳು ಹುಬ್ಬಳ್ಳಿಯಲ್ಲಿ ಅಂತ ವರ್ಷಗಳು ಕಳೆದ ಮನೆಗಳಲ್ಲಿ ಈ ಐದು ವರ್ಷ ಆಗಿರಲ್ಲ. ಗಂಡ ಅಮೆರಿಕದ ಪೌರನಾಗಿಬಿಟ್ಟರೂ ಹೆಂಡತಿಯ ಈ ಷರತ್ತು ತಪ್ಪಲ್ಲ, ಯಾಕೆಂದರೆ ನೋಡೋದು ಹಣ ತಗೊಳ್ಳುವವರ ಪೌರತ್ವ. 40 ಕ್ರೆಡಿಟ್ ಎಣಿಸುವಾಗ ಈ ಐದನ್ನೂ ಜತೆಗೇ ಎಣಿಸಿ. ಬಂದು ಹೋದ ದಿನಾಂಕಗಳಿರುವ ಹಳೆಯ ಪಾಸ್‌ಪೋರ್ಟುಗಳನ್ನು ರದ್ದಿಗೆ ಹಾಕಬೇಡಿ.

ಕೈಕಾಲು ಸೋತರೆ

ಎಸ್‌ಎಸ್‌ಡಿಐ ವಿಷಯದಲ್ಲಿ ಕಾಗದದ ಮೇಲಿನ ನಿಯಮ ಒಂದು, ನಮ್ಮವರ ಪರಿಸ್ಥಿತಿ ಇನ್ನೊಂದು.

ಕಾಗದದ ಪ್ರಕಾರ ಪೌರತ್ವ ಬೇಡ. 31ರಿಂದ 42 ವಯಸ್ಸಿನವರಿಗೆ 20 ಕ್ರೆಡಿಟ್ ಸಾಕು, ಅದೂ ಕೊನೆಯ 10 ವರ್ಷದಲ್ಲಿ ಗಳಿಸಿರಬೇಕು. ಅದಕ್ಕಿಂತ ಚಿಕ್ಕವರಿಗೆ ಇನ್ನೂ ಕಡಿಮೆ. ಕಾಯಿಲೆ ಕನಿಷ್ಠ 12 ತಿಂಗಳು ಇರುವಂಥದ್ದಾಗಿರಬೇಕು, ತಿಂಗಳಿಗೆ 1,620 ಡಾಲರ್‌ನಷ್ಟೂ ದುಡಿಯಲಾಗದ ಸ್ಥಿತಿ ಇರಬೇಕು. ಮೊದಲ ಐದು ಪೂರ್ಣ ತಿಂಗಳು ಏನೂ ಬರಲ್ಲ.

ಪರಿಸ್ಥಿತಿ ಹೀಗಿದೆ. ಎಚ್‌-1ಬಿಯಲ್ಲಿ ಇರುವವರಿಗೆ ಕೆಲಸ ಹೋದರೆ 60 ದಿನ. ಆ ಅರವತ್ತು ದಿನದೊಳಗೆ ಐದು ತಿಂಗಳ ಕಾಯುವಿಕೆ ಹೇಗೆ ಹಿಡಿಸುತ್ತೆ? ಊರಿಗೆ ಬರಲೇಬೇಕು. ಊರಿಗೆ ಬಂದರೆ ಮತ್ತೆ ಅದೇ ಆರು ತಿಂಗಳ ನಿಯಮ, ಅದೇ 40 ಕ್ರೆಡಿಟ್ ಅಥವಾ 10 ವರ್ಷದ ವಾಸ. ಆರು ವರ್ಷ ಎಚ್‌-1ಬಿಯಲ್ಲಿ ದುಡಿದವರಿಗೆ 24 ಕ್ರೆಡಿಟ್ ಇದೆ, ವಿಮೆಗೆ ಅರ್ಹರು, ಆದರೆ ಊರಲ್ಲಿ ಹಣ ನಿಲ್ಲುತ್ತೆ. ಇಲ್ಲಿ ಒಂದು ಕಿಂಡಿ ಇದೆ. ವಾಸದ 10 ವರ್ಷಕ್ಕೆ ವಿದ್ಯಾರ್ಥಿಯಾಗಿದ್ದ ವರ್ಷಗಳೂ ಕೂಡುತ್ತವೆ. ಕ್ರೆಡಿಟ್‌ಗೆ ಬಾರದ ಆ ನಾಲ್ಕು ವರ್ಷದ ಎಫ್‌-1 ಇಲ್ಲಿ ಕೈಹಿಡಿಯಬಹುದು.

ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವು ಇಲ್ಲ. ಕೆಲಸ ಹೋದರೂ ಅಲ್ಲೇ ಇರಬಹುದು. ಗ್ರೀನ್ ಕಾರ್ಡ್‌ಗೂ ಎಚ್‌-1ಬಿಗೂ ನಿಜವಾದ ವ್ಯತ್ಯಾಸ ಕಾಣೋದು ನಿವೃತ್ತಿ ಪಿಂಚಣಿಯಲ್ಲಿ ಅಲ್ಲ, ಇಲ್ಲಿ. ಅದಕ್ಕೇ ಎಚ್‌-1ಬಿಯಲ್ಲಿರುವವರು ಖಾಸಗಿ ಅಂಗವೈಕಲ್ಯ ವಿಮೆ ಮಾಡಿಸಿಟ್ಟುಕೊಳ್ಳಿ. ಪಾಲಿಸಿ ಭಾರತದಲ್ಲೂ ಹಣ ಕೊಡುತ್ತಾ ಅಂತ ಮೊದಲೇ ಓದಿ.

ಇನ್ನೊಂದು ನೆನಪಿರಲಿ. ನಿವೃತ್ತಿಯ ಕ್ರೆಡಿಟ್ ಶಾಶ್ವತ, ಅಂಗವೈಕಲ್ಯದ ಅರ್ಹತೆ ಹಾಗಲ್ಲ. "ಕೊನೆಯ 10 ವರ್ಷದಲ್ಲಿ 20" ಅನ್ನುವ ಷರತ್ತಿನಿಂದಾಗಿ, ಊರಿಗೆ ಬಂದು ಸುಮಾರು ಐದು ವರ್ಷ ಆದರೆ ಆ ರಕ್ಷಣೆ ಕಳಚುತ್ತೆ.

ಅಪ್ಪ ಅಮ್ಮನ ಗ್ರೀನ್ ಕಾರ್ಡ್

"ಅಲ್ಲಿ ಹೋದ್ರೆ ವಯಸ್ಸಾದವರಿಗೆ ಸರ್ಕಾರವೇ ದುಡ್ಡು ಕೊಡುತ್ತಂತೆ" ಅಂತ ಅತ್ತೆ ಒಂದು ದಿನ ಕಾಫಿ ಲೋಟ ಹಿಡಿದುಕೊಂಡು ಕೇಳಿದ್ದರು. ದೇವಸ್ಥಾನದಲ್ಲಿ ಯಾರೋ ಹೇಳಿದ್ದು. ಅವರು ಹೇಳಿದ್ದು ಎಸ್‌ಎಸ್‌ಐ ಬಗ್ಗೆ.

ಗ್ರೀನ್ ಕಾರ್ಡ್ ಮೇಲೆ ಹೋದ ತಂದೆತಾಯಿಗೆ ಅದು ಸಿಗಬೇಕಾದರೆ 5 ವರ್ಷ ಆಗಿರಬೇಕು, ಜತೆಗೆ 40 ಕ್ರೆಡಿಟ್. ಗಂಡ ಹೆಂಡತಿಯ ಕ್ರೆಡಿಟ್ ಕೂಡಿಸಬಹುದು. ಮಗನದ್ದು, ಮಗಳದ್ದು ಕೂಡಿಸೋ ಹಾಗಿಲ್ಲ. 65ಕ್ಕೆ ಹೋದ ಅತ್ತೆ ಮಾವ 40 ಕ್ರೆಡಿಟ್ ಎಲ್ಲಿಂದ ತರಬೇಕು? ಹಾಗಾಗಿ ಉಳಿಯೋ ದಾರಿ ಪೌರತ್ವ. ಪೌರರಾದರೆ ಆ 40 ಬೇಡ, ಕರೆಸಿಕೊಂಡ ಮಗನ ಆದಾಯವನ್ನು ಇವರದ್ದು ಅಂತ ಲೆಕ್ಕ ಹಾಕೋದೂ ನಿಲ್ಲುತ್ತೆ. ಪೌರತ್ವಕ್ಕೆ ಇಂಗ್ಲಿಷ್ ಪರೀಕ್ಷೆ ಇದೆ. 55 ದಾಟಿ 15 ವರ್ಷ, ಇಲ್ಲವೇ 50 ದಾಟಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿ ಇದ್ದವರಿಗೆ ಕನ್ನಡದಲ್ಲಿ ದುಭಾಷಿ ಇಟ್ಟುಕೊಂಡು ಉತ್ತರಿಸೋ ಅವಕಾಶ.

ಇಷ್ಟೆಲ್ಲ ಆದ ಮೇಲೆ ಸಿಗೋದು ತಿಂಗಳಿಗೆ ಹೆಚ್ಚೆಂದರೆ 967 ಡಾಲರ್, ದಂಪತಿಗೆ 1,450. ಮಗನ ಮನೆಯಲ್ಲೇ ಊಟ ವಸತಿ ಆದರೆ ಇನ್ನೂ ಕಡಿಮೆ ಆಗಬಹುದು. ಒಬ್ಬರಿಗೆ 2,000 ಡಾಲರ್‌ಗಿಂತ ಜಾಸ್ತಿ ಆಸ್ತಿ ಇರಬಾರದು. ದಾವಣಗೆರೆಯಲ್ಲಿ ಹೆಸರಲ್ಲಿರೋ ಸೈಟೂ ಆಸ್ತಿಯೇ. ಮುಚ್ಚಿಟ್ಟರೆ ಅದು ವಂಚನೆ ಕೇಸು. ಎಲ್ಲಕ್ಕಿಂತ ಮುಖ್ಯವಾಗಿ, 30 ದಿನ ಅಮೆರಿಕ ಬಿಟ್ಟಿದ್ದರೆ ಎಸ್‌ಎಸ್‌ಐ ನಿಲ್ಲುತ್ತೆ. ಮಾವಿನಕಾಯಿ ಕಾಲಕ್ಕೆ ಉಪ್ಪಿನಕಾಯಿ ಹಾಕೋಕೆ, ಮೊಮ್ಮಗಳ ಮದುವೆಗೆ, ವರ್ಷಕ್ಕೆ ನಾಲ್ಕು ತಿಂಗಳು ಊರಲ್ಲಿ ಇರಬೇಕು ಅನ್ನೋ ಜೀವಕ್ಕೆ ಇದು ಹೊಂದಲ್ಲ. ಅತ್ತೆಗೆ ಇಷ್ಟನ್ನೂ ಹೇಳಿದೆ. "ಸುಮ್ನೆ ವಿಸಿಟರ್ ವೀಸಾನೇ ಸಾಕಪ್ಪ" ಅಂದರು.

ಮೆಡಿಕೇರ್ ಸ್ವಲ್ಪ ವಾಸಿ. ಗ್ರೀನ್ ಕಾರ್ಡ್‌ನಲ್ಲಿ 5 ವರ್ಷ ಸತತವಾಗಿ ಇದ್ದ 65 ದಾಟಿದವರು ದುಡ್ಡು ಕೊಟ್ಟು ಸೇರಬಹುದು. ಡಾಕ್ಟರ ಖರ್ಚಿನ ಪಾರ್ಟ್ ಬಿಗೆ ತಿಂಗಳಿಗೆ 185 ಡಾಲರ್, ಕ್ರೆಡಿಟ್ ಇಲ್ಲದವರಿಗೆ ಆಸ್ಪತ್ರೆ ಖರ್ಚಿನ ಪಾರ್ಟ್ ಎಗೆ 518. ಒಬ್ಬರಿಗೇ 700 ದಾಟಿತು. 2025ರ ಜುಲೈ 4ರ ಹೊಸ ಕಾನೂನು ಮೆಡಿಕೇರನ್ನು ಪೌರರು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನೊಂದೆರಡು ಗುಂಪಿಗೆ ಸೀಮಿತ ಮಾಡಿತು. ಅಂದರೆ 40 ಕ್ರೆಡಿಟ್ ಇದ್ದರೂ 65ರಲ್ಲಿ ಎಚ್‌-1ಬಿಯಲ್ಲೇ ಇದ್ದರೆ ಈಗ ಅದು ಇಲ್ಲ. ಊರಿನ ಆಸ್ಪತ್ರೆ ಬಿಲ್ಲನ್ನಂತೂ ಮೆಡಿಕೇರ್ ಯಾರಿಗೂ ಕೊಡಲ್ಲ.

ಬೇರೆ ದೇಶದ ಜತೆ ಇಟ್ಟು ನೋಡಿದರೆ

ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲ. ಅಮೆರಿಕ ಸುಮಾರು 30 ದೇಶಗಳ ಜತೆ ಮಾಡಿಕೊಂಡಿದೆ, ನಮ್ಮ ಜತೆ ಇಲ್ಲ. ಅದಿದ್ದಿದ್ದರೆ ಎರಡೂ ಕಡೆ ದುಡಿದ ವರ್ಷ ಕೂಡಿಸಿ 40ರ ಗೆರೆ ದಾಟಬಹುದಿತ್ತು.

ಕೆನಡಾ ಜತೆ ನಮ್ಮ ಒಪ್ಪಂದ 2015ರ ಆಗಸ್ಟ್‌ನಿಂದ ಇದೆ. ಅಲ್ಲಿನ ವೃದ್ಧಾಪ್ಯ ಪಿಂಚಣಿ ನೋಡೋದು ದುಡಿಮೆಯನ್ನಲ್ಲ, ವಾಸವನ್ನು. 18 ದಾಟಿದ ಮೇಲೆ 10 ವರ್ಷ ಇದ್ದರೆ ಅಲ್ಲೇ ಸಿಗುತ್ತೆ, ಹೊರದೇಶದಲ್ಲಿ ಕೂತು ತಗೊಳ್ಳಲು 20 ವರ್ಷ. ಜರ್ಮನಿಯಲ್ಲಿ 60 ತಿಂಗಳು ಕಟ್ಟಿದರೆ ಪಿಂಚಣಿಗೆ ಅರ್ಹರು. ಅಷ್ಟು ಆಗದೆ ಬಂದವರು ಎರಡು ವರ್ಷ ಕಾದು ತಾವು ಕಟ್ಟಿದ ಪಾಲನ್ನು ವಾಪಸ್ ಕೇಳಬಹುದು. ಮೂರ್ನಾಲ್ಕು ವರ್ಷಕ್ಕೆ ಅಂತ ಹೋಗುವವರಿಗೆ ಈ ಒಂದು ವಿಷಯದಲ್ಲಿ ಜರ್ಮನಿಯೇ ಮೇಲು. ಬ್ರಿಟನ್ನಿನಲ್ಲಿ 10 ವರ್ಷಕ್ಕೆ ಸ್ವಲ್ಪ ಪಿಂಚಣಿ ಶುರು, ಆದರೆ ಭಾರತದಲ್ಲಿ ಕೂತವರಿಗೆ ಅದು ವರ್ಷವರ್ಷ ಏರೋದಿಲ್ಲ, ಮೊದಲ ದಿನ ಎಷ್ಟಿತ್ತೋ ಅಷ್ಟೇ. ಅಮೆರಿಕದ್ದು ಬೆಲೆ ಏರಿಕೆ ಜತೆ ಏರುತ್ತೆ, ಮೈಸೂರಿನಲ್ಲಿ ಇದ್ದರೂ.

ನಾವೇನು ಕಡಿಮೆ ಇಲ್ಲ ಬಿಡಿ. ಬೆಂಗಳೂರಿಗೆ ಕೆಲಸಕ್ಕೆ ಬಂದ ಅಮೆರಿಕದವರಿಂದ 2008ರಿಂದ ಪೂರ್ತಿ ಸಂಬಳದ ಮೇಲೆ ಪಿಎಫ್ ಹಿಡಿದು, 58 ಆಗೋವರೆಗೆ ಮುಟ್ಟಬೇಡಿ ಅಂತೀವಿ. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು. ದೆಹಲಿ ಹೈಕೋರ್ಟ್ 2025ರಲ್ಲಿ ಉಲ್ಟಾ ಹೇಳಿತು.

ವಿಮಾನ ಹತ್ತೋ ಮೊದಲು

ಸೋಶಿಯಲ್ ಸೆಕ್ಯುರಿಟಿಯವರ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆರೆಯಿರಿ. ಅಲ್ಲಿನ ವಿಳಾಸ, ಅಲ್ಲಿನ ಫೋನ್ ಇರುವಾಗಲೇ. ಊರಿಂದ ತೆರೆಯೋಕೆ ಹೋದರೆ ಗುರುತು ಸಾಬೀತು ಮಾಡೋದರಲ್ಲೇ ಸುಸ್ತಾಗುತ್ತೆ. ಒಳಗೆ ವರ್ಷವಾರು ಸಂಬಳದ ಪಟ್ಟಿ ಇರುತ್ತೆ. ಕಂಪನಿ ವರ್ಷವರ್ಷ ಕೊಡುವ ಸಂಬಳದ ಪತ್ರ, ಅಂದರೆ ಡಬ್ಲ್ಯು-2, ಪಕ್ಕ ಇಟ್ಟು ಒಂದೊಂದೇ ವರ್ಷ ತಾಳೆ ನೋಡಿ. ನನ್ನದರಲ್ಲಿ ಒಂದು ವರ್ಷ ಸೊನ್ನೆ ಇತ್ತು. ಕಂಪನಿ ಬದಲಿಸಿದ ವರ್ಷ. ಹಳೆ ಡಬ್ಲ್ಯು-2 ಇದ್ದದ್ದರಿಂದ ಸರಿಪಡಿಸಿಕೊಂಡೆ, ಇಲ್ಲದಿದ್ದರೆ ನಾನೂ 36ರಲ್ಲಿ ನಿಲ್ಲುತ್ತಿದ್ದೆ.

ಪಿಂಚಣಿ ಶುರುವಾದ ಮೇಲೂ ಒಂದು ಕೆಲಸ ಇರುತ್ತೆ. ನಮ್ಮ ಭಾವ ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ. ಅವರಿಗೆ ಆಗಾಗ ಅಮೆರಿಕದಿಂದ ಒಂದು ಲಕೋಟೆ ಬರುತ್ತೆ, ಒಳಗೆ 7162 ಅನ್ನೋ ಫಾರಂ. ಬದುಕಿದ್ದೀರಾ, ವಿಳಾಸ ಅದೇನಾ, ಕೆಲಸ ಮಾಡ್ತಿದ್ದೀರಾ ಅಂತ ನಾಲ್ಕಾರು ಪ್ರಶ್ನೆ. ನಮ್ಮ ಬ್ಯಾಂಕಿನ ಜೀವಿತ ಪ್ರಮಾಣಪತ್ರ ಇದ್ದ ಹಾಗೆ. ವಾಪಸ್ ಕಳಿಸದಿದ್ದರೆ ಹಣ ನಿಲ್ಲುತ್ತೆ. ಒಂದು ವರ್ಷ ಲಕೋಟೆ ಬರಲೇ ಇಲ್ಲ, ಪಿಂಚಣಿ ನಿಂತೇಹೋಯಿತು. ಮತ್ತೆ ಶುರು ಮಾಡಿಸೋಕೆ ಫೋನು, ಇಮೇಲು ಅಂತ ತಿಂಗಳುಗಟ್ಟಲೆ ಹಿಡಿಯಿತು. ಈಗ ಅಕ್ಕ ಬೇಸಿಗೆ ಶುರುವಾಗುತ್ತಿದ್ದ ಹಾಗೆ ಪೋಸ್ಟ್‌ಮ್ಯಾನ್‌ಗೆ ಮಜ್ಜಿಗೆ ಕೊಟ್ಟು ಕೇಳುತ್ತಾಳೆ, "ಅಮೆರಿಕದ ಕವರ್ ಏನಾದ್ರೂ ಬಂತೇನಪ್ಪಾ?"